ಬಿಡುವು ಮತ್ತು ಬಿಡುಗಡೆ: ಆಘಾತದ ಬೇನೆಗೆ ಗಾಂಜಾ ಮದ್ದಾದೀತೆ?



ಈ ಉಪನ್ಯಾಸಕ್ಕೆಂದು ಇರಿಸಿದ ದತ್ತಿಯ ಆಶಯ ಸರಳವಾದುದು. ವೈದ್ಯಕೀಯದ ಒಂದು ವಿಷಯವನ್ನು ವೈದ್ಯರಲ್ಲದವರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು, ಅಷ್ಟೆ. ಆ ಆಶಯಕ್ಕೆ ತಲೆಬಾಗಿ ನಾನು ಇಂದು ಎತ್ತಿಕೊಂಡಿರುವ ವಿಷಯ ಕೆಲವರಿಗೆ ಇರುಸುಮುರುಸು ತರಬಹುದು. ಭಾರೀ ಆಘಾತ ಕಂಡವರ ಮನಸ್ಸಿನ ಬೇನೆಗೆ ಗಾಂಜಾ ಮದ್ದಾದೀತೆ ಎಂಬುದು ಆ ವಿಷಯ. ಈ ಪ್ರಶ್ನೆ ನಾನು ಪುಸ್ತಕದಿಂದ ಹೆಕ್ಕಿದ್ದಲ್ಲ, ಒಬ್ಬ ರೋಗಿ ನನ್ನ ಮುಂದೆ ಇಟ್ಟುಹೋದದ್ದು.

ಬಹಳ ವರ್ಷಗಳ ಹಿಂದಿನ ಮಾತು. ಬೆಳಗಾವಿ ಸೀಮೆಯ ಒಂದು ಹಳ್ಳಿಯಿಂದ, ಸೇನೆಯಲ್ಲಿ ದುಡಿದು ನಿವೃತ್ತರಾದವರೊಬ್ಬರು ಹೆಂಡತಿಯ ಒತ್ತಾಯಕ್ಕೆ ನನ್ನ ಬಳಿ ಬಂದರು. ಮದುವೆ ಮನೆಯಲ್ಲಿ ಪಟಾಕಿ ಸಿಡಿದಾಗ ಊಟದ ಎಲೆ ಬಿಟ್ಟು ಎದ್ದು ಓಡಿದ್ದರಂತೆ. ಆಕೆ ತಲೆ ತಗ್ಗಿಸಿ ಹೇಳಿದರು: "ಹಗಲಿ ಛಲೋನ ಇರ್ತಾರ್ರಿ. ರಾತ್ರಿ ಬಾಜೂಕ ಮಲಗಾಕ ಅಂಜಿಕಿ ಬರ್ತೈತಿ. ನಿದ್ದ್ಯಾಗ ಕುತ್ತಿಗಿಗೆ ಕೈ ಹಾಕ್ತಾರ್ರಿ." ಆತ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಬಾಯಿ ಬಿಟ್ಟರು. "ಕಣ್ಣ ಮುಚ್ಚಿದ್ರ ಸಾಕ್ರಿ, ಅದ ಗುಡ್ಡ, ಅದ ಹೊಗಿ, ಅದ ಹುಡುಗನ ದನಿ. ಒಂದೀಟ ಗಾಂಜಾ ಸೇದಿದ್ರ ಮಾತ್ರ ಬೆಳಗಾತನಕ ನಿದ್ದಿ ಹತ್ತತೈತ್ರಿ. ಬ್ಯಾರೆ ಏನರ ಹೇಳ್ರಿ, ಅದನ್ನಷ್ಟ ಬಿಡಸಬ್ಯಾಡ್ರಿ."

ಮೊದಲು ಅದನ್ನು ಬಿಡಿ, ಆಮೇಲೆ ಚಿಕಿತ್ಸೆ ಎಂದೆ. ಅವರು ಎದ್ದು ಕೈ ಮುಗಿದು ಹೋದರು. ಮತ್ತೆ ಬರಲಿಲ್ಲ. ನಾನು ಹೇಳಿದ್ದು ಪಠ್ಯದ ಪ್ರಕಾರ ತಪ್ಪಾಗಿರಲಿಲ್ಲ. ಆದರೆ ಅವರ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಆ ಉತ್ತರವನ್ನು ತಡವಾಗಿಯಾದರೂ ಹುಡುಕುವ ಪ್ರಯತ್ನ ಇಂದಿನ ಈ ಮಾತು.

ದಿಗಿಲಿಗೆ ಹೆಸರು ಬಂದ ಬಗೆ

ಭಯದ ನೆನಪು ಮೈಯಲ್ಲೇ ಉಳಿದುಬಿಡುತ್ತದೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಬೆಚ್ಚುವುದು, ಬೆದರುವುದು, ದಿಗಿಲು ಹಿಡಿಯುವುದು, ಗರ ಬಡಿದಂತಾಗುವುದು ಎಂದು ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಮಾತುಗಳಿವೆ! ಬೆಚ್ಚಿದ ಮಗುವಿಗೆ ದೃಷ್ಟಿ ತೆಗೆಯುತ್ತೇವೆ, ತಾಯತ ಕಟ್ಟುತ್ತೇವೆ, ಮಡಿಲಲ್ಲಿ ಹಾಕಿಕೊಂಡು ಎದೆ ನೀವುತ್ತೇವೆ. ಬೆಚ್ಚಿದ ದೊಡ್ಡವರಿಗೆ ಮಾತ್ರ, ಗಂಡಸಾಗಿ ಇಷ್ಟಕ್ಕೆಲ್ಲ ಹೆದರುವುದೆ ಎಂದು ಬಾಯಿ ಮುಚ್ಚಿಸುತ್ತೇವೆ.

ವೈದ್ಯರು ಇದನ್ನು ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್, ಚಿಕ್ಕದಾಗಿ ಪಿಟಿಎಸ್‌ಡಿ ಎನ್ನುತ್ತಾರೆ. ಇಂದು ಇಲ್ಲಿ ಅದನ್ನು ಆಘಾತದ ಬೇನೆ ಎಂದು ಕರೆಯುತ್ತೇನೆ. ಸಾವನ್ನು ಹತ್ತಿರದಿಂದ ಕಂಡವರಲ್ಲಿ, ಅತ್ಯಾಚಾರಕ್ಕೆ ಒಳಗಾದವರಲ್ಲಿ, ಅಪಘಾತದಲ್ಲಿ ಬದುಕುಳಿದವರಲ್ಲಿ ಇದು ಕಾಣಿಸಿಕೊಳ್ಳಬಹುದು. ಇದರ ಲಕ್ಷಣಗಳು ನಾಲ್ಕು ಬಗೆ. ಬೇಡವೆಂದರೂ ನುಗ್ಗಿ ಬರುವ ನೆನಪು ಮತ್ತು ದುಃಸ್ವಪ್ನ ಒಂದು. ಆ ನೆನಪು ಕೆದಕುವ ಜಾಗ, ಜನ, ಮಾತುಗಳಿಂದ ತಪ್ಪಿಸಿಕೊಳ್ಳುವುದು ಎರಡನೆಯದು. ತಾನೇ ತಪ್ಪಿತಸ್ಥ, ಯಾರನ್ನೂ ನಂಬುವಂತಿಲ್ಲ ಎಂದು ಮನಸ್ಸು ಕಪ್ಪುಗಟ್ಟುವುದು ಮೂರನೆಯದು. ಸಣ್ಣ ಸದ್ದಿಗೂ ಬೆಚ್ಚುವುದು, ಸಿಡುಕು, ನಿದ್ದೆಗೆಡುವುದು ನಾಲ್ಕನೆಯದು. ಆಘಾತವಾದ ಹೊಸತರಲ್ಲಿ ಇವು ಯಾರಿಗಾದರೂ ಇದ್ದೀತು. ತಿಂಗಳು ಕಳೆದರೂ ಉಳಿದು ಬದುಕನ್ನು ಕೆಡಿಸಿದಾಗ ಅದು ಬೇನೆ.

1871ರಲ್ಲಿ ಜೇಕಬ್ ಡ ಕೋಸ್ಟ ಎಂಬ ವೈದ್ಯ ಅಮೆರಿಕದ ಅಂತರ್ಯುದ್ಧದ ಸೈನಿಕರ ಎದೆಬಡಿತ, ಸುಸ್ತುಗಳನ್ನು ಬರೆದಿಟ್ಟ. ಅದು ಹೃದಯದ ರೋಗವೆಂದೇ ಆಗ ತಿಳಿದಿದ್ದರು. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಶೆಲ್ ಶಾಕ್ ಎಂಬ ಹೆಸರಿನಲ್ಲಿ ಇದನ್ನು ಚರ್ಚಿಸಿದ. ಅದೇ ಯುದ್ಧಕಾಲದಲ್ಲಿ ಸ್ಕಾಟ್ಲೆಂಡಿನ ಕ್ರೇಗ್‌ಲಾಕರ್ಟ್ ಆಸ್ಪತ್ರೆಯಲ್ಲಿ ಇಂಥ ಸೈನಿಕರನ್ನು ನೋಡಿಕೊಂಡವರು ಡಬ್ಲ್ಯು. ಎಚ್. ಆರ್. ರಿವರ್ಸ್. ಈ ಹೆಸರು ನಮ್ಮ ದಕ್ಷಿಣಕ್ಕೆ ಹೊಸದಲ್ಲ. ನೀಲಗಿರಿಯ ತೋಡರ ನಡುವೆ ಇದ್ದು ಅವರ ಬದುಕಿನ ಬಗ್ಗೆ 1906ರಲ್ಲಿ ದೊಡ್ಡ ಗ್ರಂಥ ಬರೆದವರು ಇವರೇ. ಯುದ್ಧದ ನೆನಪನ್ನು ಮರೆತುಬಿಡು, ಅದರ ಬಗ್ಗೆ ಯೋಚಿಸಬೇಡ ಎಂದು ಅಂದಿನ ವೈದ್ಯರು ಸೈನಿಕರಿಗೆ ಹೇಳುತ್ತಿದ್ದರು. ನೆನಪನ್ನು ಅದುಮುವುದೇ ರೋಗವನ್ನು ಬೆಳೆಸುತ್ತದೆ ಎಂದು ರಿವರ್ಸ್ 1918ರಲ್ಲಿ ವಾದಿಸಿದರು. ನೂರು ವರ್ಷ ಹಳೆಯದಾದ ಈ ಮಾತು ನನ್ನ ಇಂದಿನ ಉಪನ್ಯಾಸದ ಅಡಿಗಲ್ಲು.

ಅದೇ 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಪಡೆಗಳ ಕುದುರೆ ಸವಾರರು ಗುಂಡಿನ ಮಳೆಗೆ ಎದೆಯೊಡ್ಡಿ ಹೈಫಾ ಪಟ್ಟಣವನ್ನು ಗೆದ್ದರು. ಅವರ ಶೌರ್ಯಕ್ಕೆ ಸ್ಮಾರಕಗಳಿವೆ. ಊರಿಗೆ ಮರಳಿದ ಆ ಸವಾರರು ನಡುರಾತ್ರಿ ಏನು ಕಂಡು ಬೆಚ್ಚಿ ಏಳುತ್ತಿದ್ದರು ಎಂಬುದನ್ನು ಯಾವ ಕಲ್ಲಿನಲ್ಲೂ ಕೊರೆದಿಲ್ಲ. ಹೈಫಾ ಎಂಬ ಊರಿನ ಹೆಸರನ್ನು ಮನಸ್ಸಿನಲ್ಲಿಡಿ, ಅಲ್ಲಿಗೆ ಇನ್ನೊಮ್ಮೆ ಹೋಗಲಿಕ್ಕಿದೆ.

ವಿಯಟ್ನಾಂ ಯುದ್ಧದಿಂದ ಮರಳಿದವರ ಹೋರಾಟದ ಫಲವಾಗಿ 1980ರಲ್ಲಿ ಈ ಬೇನೆಗೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಹೆಸರು ಸಿಕ್ಕಿತು. ಮರುವರ್ಷವೇ, 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡ ಆ ಮನೆಗಳ ಸಂಕಟವನ್ನು ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯ ವೈದ್ಯರು ಅಧ್ಯಯನ ಮಾಡಿದರು. ಆಘಾತ ಎಂದರೆ ಗಡಿಯಲ್ಲಿ ಮಾತ್ರ ಆಗುವುದಲ್ಲ, ಆಟ ನೋಡಲು ಹೋದಲ್ಲಿಯೂ ಆದೀತು.

ಮಿದುಳು ತಾನೇ ಮಾಡಿಕೊಳ್ಳುವ ಆನಂದ

ಈಗ ಗಿಡದ ಕಡೆ ಬರೋಣ. 1964ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯಲ್ಲಿ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ ಗಾಂಜಾದ ಮತ್ತಿಗೆ ಕಾರಣವಾದ ಟಿಎಚ್‌ಸಿ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದಕ್ಕೆ ಬೇಕಾದ 5 ಕಿಲೋ ಹಶೀಶ್ ಎಂಬ ಗಾಂಜಾ ಅಂಟು ಅವರಿಗೆ ಸಿಕ್ಕಿದ್ದು ಪೊಲೀಸರು ವಶಪಡಿಸಿಕೊಂಡ ಮಾಲಿನಿಂದ. ಅದೇ ಗಿಡದಲ್ಲಿ ಸಿಬಿಡಿ ಎಂಬ ಇನ್ನೊಂದು ವಸ್ತುವಿದೆ, ಅದು ಮತ್ತೇರಿಸುವುದಿಲ್ಲ. ಈ ಎರಡರ ಪ್ರಮಾಣ ಗಿಡದಿಂದ ಗಿಡಕ್ಕೆ ಬೇರೆ. ಗಾಂಜಾ ಎಂಬುದು ಒಂದೇ ಔಷಧ ಎಂದು ಭಾವಿಸುವುದೇ ಮೊದಲ ತಪ್ಪು.

1988ರಲ್ಲಿ ಮಿದುಳಿನಲ್ಲಿ ಟಿಎಚ್‌ಸಿ ಹೋಗಿ ಕೂರುವ ಗ್ರಾಹಕ ಸಿಕ್ಕಿತು. ಬೀಗವಿದ್ದ ಮೇಲೆ ದೇಹದ್ದೇ ಆದ ಕೀಲಿಯೊಂದು ಇರಲೇಬೇಕಲ್ಲ? ಅದು 1992ರಲ್ಲಿ ಮೆಶೂಲಮ್ ಅವರ ಪ್ರಯೋಗಾಲಯದಲ್ಲಿಯೇ ಸಿಕ್ಕಿತು. ವಿಲಿಯಂ ಡಿವೇನ್ ಮತ್ತು ಲುಮಿರ್ ಹನುಷ್ ಅದನ್ನು ಬೇರ್ಪಡಿಸಿದರು. ಅದಕ್ಕೆ ಅವರಿಟ್ಟ ಹೆಸರು ಅನಂದಮೈಡ್, ಸಂಸ್ಕೃತದ 'ಆನಂದ'ದಿಂದ ಬಂದದ್ದು.

ಈ ಅನಂದಮೈಡ್ ಮಾಡುವ ಕೆಲಸಗಳಲ್ಲಿ ಒಂದು ನಮಗೆ ಮುಖ್ಯ. ನಾಯಿ ಕಚ್ಚಿದ ಮಗು ಎಲ್ಲ ನಾಯಿಗೂ ಹೆದರುತ್ತದೆ. ಪಕ್ಕದ ಮನೆಯ ಸಾಧು ನಾಯಿಯ ಜೊತೆ ದಿನಾ ಒಡನಾಡಿದರೆ ನಿಧಾನಕ್ಕೆ ಹೆದರಿಕೆ ಇಳಿಯುತ್ತದೆ. ಹಳೆಯ ನೆನಪು ಅಳಿಸಿಹೋಗಿರುವುದಿಲ್ಲ. ಅದರ ಮೇಲೆ ಹೊಸ ಪಾಠವೊಂದು ಕೂತಿರುತ್ತದೆ. ಭಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಭಾಗಕ್ಕೆ, ಮಿದುಳಿನ ಮುಂಭಾಗ 'ಇದು ಅದಲ್ಲ, ಸುಮ್ಮನಿರು' ಎಂದು ಹೇಳಲು ಕಲಿತಿರುತ್ತದೆ. ಅನಂದಮೈಡ್ ನೆರವಾಗುವುದು ಈ ಕಲಿಕೆಗೆ. ಆಘಾತದ ಬೇನೆಯಲ್ಲಿ ಇದೇ ಕುಂಟುತ್ತದೆ.

2002ರಲ್ಲಿ ಜರ್ಮನಿಯ ಮ್ಯೂನಿಕ್‌ನ ವಿಜ್ಞಾನಿಗಳು, ಆ ಗ್ರಾಹಕವೇ ಇಲ್ಲದ ಇಲಿಗಳು ಭಯವನ್ನು ಕಲಿಯಬಲ್ಲವು, ಆದರೆ ಅದನ್ನು ಬಿಡುವುದನ್ನು ಸರಿಯಾಗಿ ಕಲಿಯಲಾರವು ಎಂದು ತೋರಿಸಿದರು. ಆಘಾತದ ಬೇನೆಯವರ ಮಿದುಳಿನಲ್ಲಿ ಈ ಗ್ರಾಹಕಗಳು ಹೆಚ್ಚಾಗಿಯೂ ರಕ್ತದಲ್ಲಿ ಅನಂದಮೈಡ್ ಕಡಿಮೆಯಾಗಿಯೂ ಕಂಡದ್ದನ್ನು 2013ರ ಅಧ್ಯಯನವೊಂದು ವರದಿ ಮಾಡಿತು. ಭಯ ಬಿಡುವ ಪಾಠಕ್ಕೆ ಮುಂಚೆ ಟಿಎಚ್‌ಸಿ ಮಾತ್ರೆ ನುಂಗಿದ ಆರೋಗ್ಯವಂತರಲ್ಲಿ ಆ ಪಾಠ ಮರುದಿನಕ್ಕೂ ಹೆಚ್ಚು ಚೆನ್ನಾಗಿ ಉಳಿಯಿತು ಎಂದು ಅದೇ ವರ್ಷ ಅಮೆರಿಕದ ಕ್ರಿಸ್ಟೀನ್ ರಬಿನಾಕ್ ತಂಡ ಹೇಳಿತು.

ಈಗ ಹೈಫಾಕ್ಕೆ ಬರೋಣ. ನಮ್ಮ ಸವಾರರು ಗೆದ್ದ ಆ ಊರಿನಲ್ಲಿ ಇಂದು ಒಂದು ವಿಶ್ವವಿದ್ಯಾಲಯವಿದೆ. ಅಲ್ಲಿ ಇರಿತ್ ಅಕಿರವ್ ಎಂಬ ವಿಜ್ಞಾನಿ ಇಲಿಗಳಿಗೆ ತೀವ್ರ ಒತ್ತಡ ಕೊಟ್ಟು, ಟಿಎಚ್‌ಸಿಯಂತೆಯೇ ಕೆಲಸ ಮಾಡುವ ಕೃತಕ ವಸ್ತುವನ್ನು ನೀಡಿ ನೋಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒತ್ತಡದ ನಂತರ 2 ಗಂಟೆಗೆ ಅಥವಾ 24 ಗಂಟೆಗೆ ಕೊಟ್ಟರೆ ಬೇನೆಯ ಲಕ್ಷಣಗಳು ಬರಲಿಲ್ಲ, 48 ಗಂಟೆ ಕಳೆದ ಮೇಲೆ ಕೊಟ್ಟರೆ ಉಪಯೋಗವಾಗಲಿಲ್ಲ. ಇಲಿಯ ಮಾತು ಮನುಷ್ಯನ ಮಾತಲ್ಲ, ನಿಜ. ಆದರೂ ಇದರಲ್ಲಿ ದೊಡ್ಡ ತಿಳಿವಿದೆ. ಯಾವ ವಸ್ತು ಎಂಬುದಷ್ಟೇ ಸಾಲದು. ಎಷ್ಟು, ಯಾವಾಗ, ಯಾವುದರ ಜೊತೆಗೆ ಎಂಬುದರ ಮೇಲೆ ಮದ್ದು ಮದ್ದಾಗುತ್ತದೆ.

ಸಿಕ್ಕಿದ್ದು ಬಿಡುವು

ಹಾಗಾದರೆ ಆ ನಿವೃತ್ತ ಸೈನಿಕರ ಅನುಭವ ಸುಳ್ಳೆ? ಖಂಡಿತ ಅಲ್ಲ. ಕೆನಡಾದಲ್ಲಿ ಟಿಎಚ್‌ಸಿಯನ್ನು ಹೋಲುವ ನಾಬಿಲೋನ್ ಎಂಬ ಕೃತಕ ಔಷಧವನ್ನು, ಬೇರೆ ಮದ್ದಿಗೆ ಜಗ್ಗದ ದುಃಸ್ವಪ್ನವಿದ್ದ 47 ಮಂದಿಗೆ ಕೊಟ್ಟ ವೈದ್ಯರು, ಶೇಕಡಾ 72 ಜನರಲ್ಲಿ ಕನಸುಗಳು ನಿಂತವು ಅಥವಾ ತಗ್ಗಿದವು ಎಂದು 2009ರಲ್ಲಿ ಬರೆದರು. 2015ರಲ್ಲಿ ಅದೇ ದೇಶದ 10 ಸೈನಿಕರ ಮೇಲೆ ನಡೆದ ಪರೀಕ್ಷೆಯಲ್ಲಿ, ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿ ಗುಳಿಗೆ ಎಂಬುದನ್ನು ರೋಗಿಗೂ ವೈದ್ಯರಿಗೂ ತಿಳಿಸದೆ ನೋಡಿದಾಗಲೂ ನಾಬಿಲೋನ್ ದುಃಸ್ವಪ್ನ ತಗ್ಗಿಸಿತು. ಜೆರುಸಲೇಮಿನಲ್ಲಿ ಮೆಶೂಲಮ್ ಅವರೂ ಸೇರಿದ್ದ ತಂಡ 10 ರೋಗಿಗಳಿಗೆ ದಿನಕ್ಕೆರಡು ಬಾರಿ 5 ಮಿಲಿಗ್ರಾಂ ಟಿಎಚ್‌ಸಿ ಕೊಟ್ಟು, ನಿದ್ದೆ ಸುಧಾರಿಸಿದ್ದನ್ನು 2014ರಲ್ಲಿ ವರದಿ ಮಾಡಿತು. ಇವೆಲ್ಲ ಚಿಕ್ಕ ಅಧ್ಯಯನಗಳು. ಆದರೂ ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರುತ್ತವೆ: ಕನಸು ಮತ್ತು ನಿದ್ದೆಯ ಕಡೆಗೆ.

ನನ್ನ ಕಣ್ಣು ತೆರೆಸಿದ ಅಧ್ಯಯನ 2020ರದು. ಮದ್ದಿಗಾಗಿ ಗಾಂಜಾ ಬಳಸುವ 404 ಮಂದಿ ಆಘಾತದ ಬೇನೆಯವರು, ಸೇದುವ ಮುಂಚೆ ಎಷ್ಟು ಸಂಕಟ, ಸೇದಿದ ಮೇಲೆ ಎಷ್ಟು ಎಂದು ಮೊಬೈಲ್ ಆ್ಯಪ್‌ನಲ್ಲಿ 31 ತಿಂಗಳ ಅವಧಿಯಲ್ಲಿ 11 ಸಾವಿರಕ್ಕೂ ಹೆಚ್ಚು ಸಲ ನಮೂದಿಸಿದ್ದರು. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಅದನ್ನು ಲೆಕ್ಕಹಾಕಿದರು. ನುಗ್ಗಿ ಬರುವ ನೆನಪು ಶೇಕಡಾ 62, ಸಿಡುಕು ಶೇಕಡಾ 67, ಕಳವಳ ಶೇಕಡಾ 57ರಷ್ಟು ಆ ಹೊತ್ತಿಗೆ ಇಳಿದಿತ್ತು. ಎಂಥ ದೊಡ್ಡ ನೆಮ್ಮದಿ! ಆದರೆ ತಿಂಗಳುಗಳು ಉರುಳಿದರೂ 'ಸೇದುವ ಮುಂಚಿನ' ಸಂಕಟ ಇದ್ದಲ್ಲೇ ಇತ್ತು. ಕಳವಳಕ್ಕೆಂದು ಬಳಸುವ ಪ್ರಮಾಣ ಮಾತ್ರ ಬರಬರುತ್ತ ಏರಿತು.

ಇದನ್ನು ಹೇಳಲು ಕನ್ನಡದಲ್ಲಿ ಎರಡು ಒಳ್ಳೆಯ ಪದಗಳಿವೆ. ಒಂದೇ ಬೇರಿನವು, ಅರ್ಥ ಬೇರೆ. ಬಿಡುವು, ಬಿಡುಗಡೆ. ಅವರಿಗೆ ಸಿಕ್ಕಿದ್ದು ಬಿಡುವು. ಬಿಡುಗಡೆ ಸಿಗಲಿಲ್ಲ.

ಬಿಡುವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹತ್ತು ವರ್ಷ ನಿದ್ದೆಗೆಟ್ಟವರಿಗೆ ಒಂದು ರಾತ್ರಿಯ ನಿದ್ದೆ ಎಂಥ ವರವೆಂದು ನಿದ್ದೆ ಬರುವ ನಮಗೆ ತಿಳಿಯದು. ಆದರೆ ಈ ಬೇನೆಯ ಬೇರು ಎಲ್ಲಿದೆ ನೋಡಿ. ನೆನಪಿನಿಂದ ತಪ್ಪಿಸಿಕೊಳ್ಳುವುದು ಈ ಬೇನೆಯ ಲಕ್ಷಣವೂ ಹೌದು, ಬೇನೆಯನ್ನು ಸಾಕುವ ಗೊಬ್ಬರವೂ ಹೌದು. ರಿವರ್ಸ್ ಹೇಳಿದ್ದೂ ಅದನ್ನೇ. ಗಾಂಜಾ ಹಿಡಿತ ಸಡಿಲಿಸಿದ ಹೊತ್ತಿನಲ್ಲಿ ರೋಗಿ ಚಿಕಿತ್ಸಕರ ಎದುರು ಕೂತು ನೆನಪನ್ನು ಎದುರಿಸಿದರೆ, ಅದು ಹೊಸ ಪಾಠಕ್ಕೆ ಆಸರೆಯಾದೀತು. ಪ್ರಯೋಗಾಲಯದ ವಿಜ್ಞಾನ ಆಸೆ ಹುಟ್ಟಿಸುವುದು ಅಲ್ಲಿ. ಒಬ್ಬನೇ ಕೋಣೆಯಲ್ಲಿ ಕೂತು ನೆನಪು ಬಂದಾಗಲೆಲ್ಲ ಸೇದಿದರೆ, ಅದು ತಪ್ಪಿಸಿಕೊಳ್ಳುವ ಇನ್ನೊಂದು ದಾರಿಯಾಗುತ್ತದೆ. ವಸ್ತು ಒಂದೇ. ಮೊದಲನೆಯದು ಊರುಗೋಲು, ಎರಡನೆಯದು ಅಡಗುತಾಣ.

ಒರೆಗಲ್ಲಿಗೆ ಉಜ್ಜಿದಾಗ

ಅಮೆರಿಕದಲ್ಲಿ 1970ರ ಕಾನೂನು ಗಾಂಜಾವನ್ನು ಅತ್ಯಂತ ಬಿಗಿಯಾದ ಪಟ್ಟಿಗೆ ಸೇರಿಸಿತ್ತು. ಅತ್ತ 2009ರಲ್ಲಿ ನ್ಯೂ ಮೆಕ್ಸಿಕೊ ರಾಜ್ಯ ಆಘಾತದ ಬೇನೆಗೆ ಗಾಂಜಾ ಬಳಸಲು ಅನುಮತಿ ಕೊಟ್ಟಿತು. ಬೇರೆ ರಾಜ್ಯಗಳು ಹಿಂಬಾಲಿಸಿದವು. ಪರೀಕ್ಷೆಗೆ ಮುಂಚೆಯೇ ಪರವಾನಗಿ ಸಿಕ್ಕಿದಂತಾಯಿತು. ಸರಿಯಾದ ಪರೀಕ್ಷೆಗೆ ಹೊರಟ ಸೂ ಸಿಸ್ಲಿ ಎಂಬ ವೈದ್ಯೆ ಒಂದೊಂದು ಇಲಾಖೆಯ ಬಾಗಿಲಲ್ಲೂ ವರ್ಷಗಟ್ಟಲೆ ಕಾಯಬೇಕಾಯಿತು. 2011ರಲ್ಲಿ ಔಷಧ ಇಲಾಖೆಯ ಒಪ್ಪಿಗೆ ಸಿಕ್ಕಿತು. ಮಾದಕವಸ್ತು ಇಲಾಖೆಯ ಒಪ್ಪಿಗೆಗೆ 2016 ಆಯಿತು. ಕೊಲೊರಾಡೊ ರಾಜ್ಯ ಇದಕ್ಕೆ 20 ಲಕ್ಷ ಡಾಲರಿಗೂ ಹೆಚ್ಚು ಹಣ ಕೊಟ್ಟಿತ್ತು.

ಫಲಿತಾಂಶ ಪ್ರಕಟವಾದದ್ದು 2021ರ ಮಾರ್ಚ್‌ನಲ್ಲಿ. 80 ಮಂದಿ ಮಾಜಿ ಸೈನಿಕರನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ಟಿಎಚ್‌ಸಿ ಹೆಚ್ಚಿರುವ ಗಾಂಜಾ, ಇನ್ನೊಂದಕ್ಕೆ ಸಿಬಿಡಿ ಹೆಚ್ಚಿರುವುದು, ಮತ್ತೊಂದಕ್ಕೆ ಎರಡೂ ಇರುವುದು, ನಾಲ್ಕನೆಯದಕ್ಕೆ ಸತ್ವ ತೆಗೆದ ಹುಸಿ ಸೊಪ್ಪು. ಮೂರು ವಾರ ಸೇದಿದ ಮೇಲೆ ನೋಡಿದರೆ ಎಲ್ಲ ಗುಂಪುಗಳೂ ಸುಧಾರಿಸಿದ್ದವು! ಟಿಎಚ್‌ಸಿ ಗುಂಪಿನವರ ಬೇನೆಯ ಅಂಕ ಸುಮಾರು 15 ಇಳಿದಿದ್ದರೆ, ಹುಸಿ ಸೊಪ್ಪಿನವರದು ಸುಮಾರು 13 ಇಳಿದಿತ್ತು. ಗಾಂಜಾ ಹುಸಿಗಿಂತ ಮೇಲೆಂದು ಈ ಪರೀಕ್ಷೆ ತೋರಿಸಲಿಲ್ಲ.

ಇದನ್ನು ಗಾಂಜಾದ ಸೋಲು ಎಂದು ಕೆಲವರು ಚಪ್ಪಾಳೆ ತಟ್ಟಿದರು. ನಾನು ಅಷ್ಟು ಅವಸರ ಮಾಡಲಾರೆ. ಗುಂಪುಗಳು ಚಿಕ್ಕವು, ಮೂರು ವಾರ ಕಡಿಮೆ ಕಾಲ. ಆದರೆ ಹುಸಿ ಸೊಪ್ಪಿನವರೂ ಅಷ್ಟು ಸುಧಾರಿಸಿದ್ದು ಏಕೆ? ನಂಬಿಕೆ ಒಂದು ಕಾರಣ. ಇನ್ನೊಂದನ್ನು ನನ್ನ ವೃತ್ತಿಯಿಂದ ಹೇಳಬಲ್ಲೆ. ಯಾರೋ ಕರೆದು ಕೂರಿಸಿ, ನಿನ್ನ ರಾತ್ರಿ ಹೇಗಿತ್ತು ಎಂದು ಕೇಳಿ, ಬರೆದುಕೊಂಡು, ಮತ್ತೆ ಬಾ ಎನ್ನುತ್ತಿದ್ದರು. ಕೇಳುವ ಕಿವಿಯೂ ಒಂದು ಮದ್ದು.

ಹುಸಿ ಮದ್ದಿನ ಜೊತೆ ಹೋಲಿಸದ ಅಧ್ಯಯನಗಳು ಒಂದಕ್ಕೊಂದು ಎದುರು ಮಾತಾಡುತ್ತವೆ. 2015ರಲ್ಲಿ ಪ್ರಕಟವಾದ ಒಂದು, 2,276 ಮಾಜಿ ಸೈನಿಕರ ದಾಖಲೆ ನೋಡಿ, ಚಿಕಿತ್ಸೆಯ ನಂತರವೂ ಗಾಂಜಾ ಬಳಸಿದವರ ಲಕ್ಷಣಗಳು ಹೆಚ್ಚು ತೀವ್ರವಾಗಿದ್ದವು, ಬಿಟ್ಟವರವು ಹಗುರಾಗಿದ್ದವು ಎಂದಿತು. 150 ಮಂದಿಯನ್ನು ಒಂದು ವರ್ಷ ಹಿಂಬಾಲಿಸಿದ ಇನ್ನೊಂದು, ಬಳಸಿದವರು ಬೇನೆಯಿಂದ ಹೊರಬಂದಿರುವ ಸಾಧ್ಯತೆ ಎರಡೂವರೆ ಪಟ್ಟು ಹೆಚ್ಚೆಂದಿತು. ಇವನ್ನೆಲ್ಲ ತೂಗಿ ನೋಡಿದ ಅಮೆರಿಕದ ಸೇನೆ ಮತ್ತು ಮಾಜಿ ಸೈನಿಕರ ಇಲಾಖೆಗಳು 2023ರ ಮಾರ್ಗಸೂಚಿಯಲ್ಲಿ ಈ ಬೇನೆಗೆ ಗಾಂಜಾ ಬೇಡವೆಂದು ಸ್ಪಷ್ಟವಾಗಿ ಹೇಳಿವೆ. ಕೆನಡಾ ಸರ್ಕಾರ ಮಾಜಿ ಸೈನಿಕರ ಗಾಂಜಾ ವೆಚ್ಚ ಭರಿಸುತ್ತದೆ, ಆದರೆ ಅದೂ 2016ರಲ್ಲಿ ದಿನಕ್ಕೆ 10 ಗ್ರಾಂ ಇದ್ದ ಮಿತಿಯನ್ನು 3 ಗ್ರಾಂಗೆ ಇಳಿಸಿತು. ಇನ್ನೂ ದೊಡ್ಡ, 320 ಮಾಜಿ ಸೈನಿಕರ ಪರೀಕ್ಷೆಗೆ ಅಮೆರಿಕದ ಔಷಧ ಇಲಾಖೆ 2024ರಲ್ಲಿ ಹಸಿರು ನಿಶಾನೆ ತೋರಿಸಿದೆ.

ಬಿಟ್ಟಾಗ ಮರಳುವ ಕನಸು

ಬಳಸುತ್ತಿರುವವರು ಮತ್ತು ಅವರ ಮನೆಯವರು ತಿಳಿಯಲೇಬೇಕಾದ ಎರಡು ಸಂಗತಿಗಳಿವೆ.

ಮೊದಲನೆಯದು ಪ್ರಮಾಣದ್ದು. ಶಿಕಾಗೊದಲ್ಲಿ 42 ಆರೋಗ್ಯವಂತರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, 7.5 ಮಿಲಿಗ್ರಾಂ ಟಿಎಚ್‌ಸಿ ಒತ್ತಡವನ್ನು ತಗ್ಗಿಸಿತು. 12.5 ಮಿಲಿಗ್ರಾಂ ಅದೇ ಒತ್ತಡವನ್ನು ಹೆಚ್ಚಿಸಿತು. ಕಳವಳ ಇಳಿಸುವುದಕ್ಕೂ ಏರಿಸುವುದಕ್ಕೂ ನಡುವೆ ಇರುವ ಅಂತರ ಇಷ್ಟೇ. ಕದ್ದುಮುಚ್ಚಿ ಕೊಂಡ ಪೊಟ್ಟಣದಲ್ಲಿ ಎಷ್ಟಿದೆ ಎಂದು ಯಾರು ಅಳೆದಿದ್ದಾರೆ?

ಎರಡನೆಯದು ಇದಕ್ಕಿಂತ ಮುಖ್ಯ. ಗಾಂಜಾ ಕನಸು ಬೀಳುವ ನಿದ್ದೆಯನ್ನು ಅದುಮುತ್ತದೆ. ದಿನಾ ಬಳಸುವವರು ಒಮ್ಮೆಗೇ ನಿಲ್ಲಿಸಿದರೆ ನಿದ್ದೆಗೇಡು, ಸಿಡುಕು, ಕಳವಳ, ವಿಚಿತ್ರ ಕನಸುಗಳು ನುಗ್ಗಿ ಬರುತ್ತವೆ. ಇದು ಬಿಡುವಿಕೆಯ ಲಕ್ಷಣ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಗ್ಗುತ್ತದೆ. ಆಘಾತದ ಬೇನೆಯ ಲಕ್ಷಣಗಳೂ ಇವೇ ಆಗಿರುವುದರಿಂದ ರೋಗಿ ಏನೆಂದುಕೊಳ್ಳುತ್ತಾನೆ? 'ನೋಡು, ಬಿಟ್ಟೊಡನೆ ಬೇನೆ ಮರಳಿತು, ಇದಿಲ್ಲದೆ ನಾನಿಲ್ಲ' ಎಂದುಕೊಳ್ಳುತ್ತಾನೆ. ಮತ್ತೆ ಹಚ್ಚುತ್ತಾನೆ. ಆ ದಿನ ನನ್ನೆದುರು ಕೂತವರಿಗೆ ನಾನು ಹೇಳಬೇಕಾಗಿದ್ದದ್ದು ಇದನ್ನು. ಬಿಡುವುದಾದರೆ ನಿಧಾನಕ್ಕೆ ಬಿಡೋಣ, ನಡುವೆ ಕನಸು ಹೆಚ್ಚಾದರೆ ಹೆದರಬೇಡಿ, ಆ ವಾರಗಳಲ್ಲಿ ನಾನು ಜೊತೆಗಿರುತ್ತೇನೆ ಎನ್ನಬೇಕಾಗಿತ್ತು.

ಮನೆತನದಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ, ಹದಿಹರೆಯದವರಲ್ಲಿ ಗಾಂಜಾ ಚಿತ್ತವಿಕಾರಕ್ಕೆ ದಾರಿ ಮಾಡಬಹುದು. ಇದನ್ನು ನನ್ನ ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ನಮ್ಮ ನೆಲ, ನಮ್ಮ ಕಾನೂನು

ನಮಗೆ ಈ ಗಿಡ ಹೊಸತೇನಲ್ಲ. ಆಯುರ್ವೇದ ಇದನ್ನು ವಿಜಯಾ ಎಂದು ಕರೆದು, ಹಾಲಿನಲ್ಲಿ ಬೇಯಿಸಿ ಶುದ್ಧಿ ಮಾಡಿ ಬಳಸುವ ಕ್ರಮ ಹೇಳಿದೆ. ಜಾತಿಫಲಾದಿ ಚೂರ್ಣದಲ್ಲಿ ಇದು ಸೇರುತ್ತದೆ. ಅದೇ ಆಯುರ್ವೇದದ ಔಷಧ ನಿಯಮಗಳು ಇದನ್ನು ವಿಷದ್ರವ್ಯಗಳ ಪಟ್ಟಿಯಲ್ಲಿಟ್ಟು, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆನ್ನುತ್ತವೆ. ಅಜ್ಜನ ಕಾಲದಿಂದ ಇದೆ ಎಂಬ ಮಾತಿನ ಜೊತೆ, ಅಜ್ಜ ಇದನ್ನು ಅಳತೆಯಿಟ್ಟು ಬಳಸುತ್ತಿದ್ದ ಎಂಬುದನ್ನೂ ನೆನೆಯಬೇಕು.

1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಗಾಂಜಾ ಆಯೋಗ ದೇಶ ಸುತ್ತಿ 1,193 ಸಾಕ್ಷಿಗಳ ಮಾತು ದಾಖಲಿಸಿತು. ಹುಚ್ಚಾಸ್ಪತ್ರೆಯ ಕಡತಗಳಲ್ಲಿ ಹುಚ್ಚಿಗೆ ಕಾರಣ ಗಾಂಜಾ ಎಂದು ಬರೆದಿದ್ದ ಅನೇಕ ಪ್ರಕರಣಗಳನ್ನು ಕೆದಕಿ ನೋಡಿ, ಅವು ಸರಿಯಾದ ವಿಚಾರಣೆಯಿಲ್ಲದೆ ಬರೆದವು ಎಂದು ಕಂಡುಕೊಂಡಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಕೇಡು ಎಂಬುದು ಅದರ ತೀರ್ಮಾನ. ಆ ತೀರ್ಮಾನಕ್ಕಿಂತ ಅದರ ನಡೆ ನನಗೆ ಹೆಚ್ಚು ಇಷ್ಟ. ಕಡತದಲ್ಲಿ ಬರೆದದ್ದನ್ನು ನಂಬುವ ಮುಂಚೆ ಅದು ಹೋಗಿ ನೋಡಿತು.

ಇಂದು ನಮ್ಮಲ್ಲಿರುವುದು 1985ರ ಮಾದಕವಸ್ತು ಕಾಯ್ದೆ. ಹೂವಿನ ತೆನೆ, ಅಂದರೆ ಗಾಂಜಾ, ಮತ್ತು ಅಂಟು, ಅಂದರೆ ಚರಸ್, ಇಟ್ಟುಕೊಳ್ಳುವುದು ಅಪರಾಧ. ತೆನೆಯಿಲ್ಲದ ಬರೀ ಎಲೆ ಮತ್ತು ಬೀಜ ಕಾಯ್ದೆಯ ವ್ಯಾಖ್ಯೆಯಿಂದ ಹೊರಗಿವೆ. ಎಲೆಯಿಂದ ಮಾಡುವ ಭಂಗಿಯನ್ನು ಕಾಯ್ದೆ ನಿಷೇಧಿಸಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಹೇಳಿದ್ದು ಇದರಿಂದಲೇ. ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಕಾಯ್ದೆಯಲ್ಲೇ ದಾರಿಯಿದೆ, ಆದರೆ ಪರವಾನಗಿ ಬೇಕು. 2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಆಯೋಗ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯಲು ಮತ ಹಾಕಿತು. ಪರವಾಗಿ 27, ವಿರುದ್ಧ 25. ಆ 27ರಲ್ಲಿ ಭಾರತವೂ ಒಂದು. ಹೊರಗೆ ಹೀಗೆ ಮತ ಹಾಕಿದ ದೇಶ ಒಳಗೆ ಸಂಶೋಧನೆಗೂ ಬೆನ್ನು ತಟ್ಟಬೇಕು.

ಅದರ ಬದಲು ಬೆಳೆಯುತ್ತಿರುವುದು ವ್ಯಾಪಾರ. ವಿಜಯಾ ಎಣ್ಣೆ ಎಂದು ಆನ್‌ಲೈನ್‌ನಲ್ಲಿ ನಿದ್ದೆಗೆ, ಕಳವಳಕ್ಕೆ, ಆಘಾತಕ್ಕೆ ಎಂದು ಮಾರಲಾಗುತ್ತಿದೆ. ಚೀಟಿ ಬರೆಯಲು ವೈದ್ಯರು ಆಡುವ ನಾಲ್ಕು ನಿಮಿಷದ ಫೋನಿನ ಮಾತಿನಲ್ಲಿ ಯಾರ ಎದೆಯ ಆಘಾತವನ್ನೂ ತಿಳಿಯಲಾಗದು.

ನನ್ನ ಮನವಿ

ಮಾತು ಮುಗಿಸುವ ಮುಂಚೆ ನನ್ನ ತೀರ್ಪನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಇಂದು ನಮ್ಮ ಕೈಲಿರುವ ಪುರಾವೆಯ ಮೇಲೆ ಆಘಾತದ ಬೇನೆಗೆ ಗಾಂಜಾವನ್ನು ಮದ್ದೆಂದು ನಾನು ಬರೆದುಕೊಡಲಾರೆ. ಅದರಿಂದ ನೆಮ್ಮದಿ ಕಂಡವರನ್ನು ಸುಳ್ಳುಗಾರರೆಂದಾಗಲಿ ಕೆಟ್ಟವರೆಂದಾಗಲಿ ಕರೆಯಲೂ ಆರೆ.

ಸರ್ಕಾರಕ್ಕೆ ನನ್ನ ಮನವಿ: ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ, ನಮ್ಮ ಮಾಜಿ ಸೈನಿಕರ ಜೊತೆ, ಅಳೆದ ಪ್ರಮಾಣದಲ್ಲಿ, ಮಾತಿನ ಚಿಕಿತ್ಸೆಯ ಜೊತೆಗೆ ಇದನ್ನು ಪರೀಕ್ಷಿಸಲು ದಾರಿ ಮಾಡಿಕೊಡಿ. ಉತ್ತರ ಹೌದಾಗಲಿ ಅಲ್ಲವಾಗಲಿ, ಅದು ನಮ್ಮ ರೋಗಿಗಳ ನಡುವೆಯೇ ಸಿಗಲಿ.

ನನ್ನ ಕಿರಿಯ ವೈದ್ಯರಿಗೆ: ಗಾಂಜಾ ಸೇದುತ್ತೇನೆ ಎಂದು ರೋಗಿ ಬಾಯಿಬಿಟ್ಟರೆ ಅದು ನಿಮ್ಮ ಮೇಲಿಟ್ಟ ನಂಬಿಕೆ. ಮೊದಲು ಬಿಡು ಎನ್ನಬೇಡಿ, ಮೊದಲು ಕೂತುಕೋ ಎನ್ನಿ. ನಾನು ಕಳೆದುಕೊಂಡದ್ದನ್ನು ನೀವು ಕಳೆದುಕೊಳ್ಳಬೇಡಿ.

ಮನೆಯವರಿಗೆ: ಬಿಡುಗಡೆಯ ದಾರಿ ಇದೆ, ಅದು ಪರೀಕ್ಷೆಯಲ್ಲಿ ಗೆದ್ದಿದೆ. ನುರಿತ ಚಿಕಿತ್ಸಕರ ಜೊತೆ ಹತ್ತಾರು ವಾರ ಕೂತು, ನೆನಪನ್ನು ಸ್ವಲ್ಪಸ್ವಲ್ಪವಾಗಿ ಎದುರಿಸುವ ಮಾತಿನ ಚಿಕಿತ್ಸೆಗಳಿವೆ. ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳಿವೆ. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆ ಎನ್ನಲಾರೆ, ಬಹಳ ಮಂದಿಗೆ ಆಗುತ್ತದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯೇ ಇಂದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿದೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಕೋಣೆ ನಿಮ್ಮ ಮನೆಗೆ ದೂರವಿಲ್ಲ.

ಅಲ್ಲಿಗೂ ಹೋಗಲು ಕಾಲು ಬಾರದವರಿಗೆ ಕೊನೆಯ ಮಾತು. 14416. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ ಸಂಖ್ಯೆ. ಕರೆಗೆ ದುಡ್ಡಿಲ್ಲ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಉಪನ್ಯಾಸದಿಂದ ಬೇರೇನನ್ನು ಮರೆತರೂ ಈ ಐದು ಅಂಕಿಗಳನ್ನು ಮನೆಗೆ ಕೊಂಡೊಯ್ಯಿರಿ. ನಡುರಾತ್ರಿ ಬೆಚ್ಚಿ ಎದ್ದು ಕೂರುವ ಒಬ್ಬರು ನಿಮ್ಮ ಓಣಿಯಲ್ಲೂ ಇದ್ದಾರು. ಅವರಿಗೆ ಇದನ್ನು ತಲುಪಿಸಿ.